ತಡೀತೀಯಾ

ಗ್ದಿನಿಯಾ ಬಂದರಿನ ಹಿಂದೆ, ಚಪ್ಪಲಿ ಹೊಲಿಯುವವನ ಅಂಗಡಿಯ ಕೆಳಗೆ
ಹದಿಮೂರು ಮೆಟ್ಟಿಲಿಳಿದರೆ ಕಾರ್ಡಿನಾಟದ ನೆಲಮನೆ.
ಒದ್ದೆ ಕೋಟುಗಳ ವಾಸನೆ, ಯಾರದೋ ಫ್ಲಾಸ್ಕಿನಲ್ಲಿ ಬೀಟ್‌ರೂಟ್ ಸಾರು.
ಏಳನೇ ಮೇಜಿನಿಂದ ಕೈ ಮೇಲೆದ್ದಿತು:
ತೀರ್ಪು ಬೇಕು!

ವಾರವೆಲ್ಲ ಲೋಕಲ್ ರೈಲಿನಲ್ಲಿ ಟಿಕೆಟ್ ನೋಡುವವಳು,
ಶನಿವಾರ ಕಪ್ಪಂಗಿ ತೊಟ್ಟು ನ್ಯಾಯ ಹೇಳುತ್ತೇನೆ.

ಈ ಕಡೆ ಲೆಶೆಕ್. ಕ್ರೇನ್ ನಡೆಸುವವನು.
ಹಡಗಿನ ಹೊಟ್ಟೆಯಿಂದ ಕಂಟೇನರ್ ಎತ್ತಿ
ಮೊಟ್ಟೆಯಂತೆ ಲಾರಿಯ ಮೇಲಿಡುವ ಕೈ.
ಆ ಕಡೆ ಯಾಗ್ನಾ, ಹನ್ನೆರಡು ವರ್ಷ, ಹಲ್ಲಿಗೆ ತಂತಿ.

ಅವನ ಹಂದಿಸವಾರ ನುಗ್ಗಿದ್ದಾನೆ.
ಅವಳ ಮುಳ್ಳುಗೋಡೆ ಎದ್ದು ಅಡ್ಡ ನಿಂತಿದೆ.
ಈಗ ಅವನು ಕೆಳಗಿಟ್ಟದ್ದು ಗಿಡುಗನ ರೆಕ್ಕೆ:
ಹಾರುವವನನ್ನು ಗೋಡೆ ತಡೆಯಲಾರದು.
"ಹಾರಿದ," ಎನ್ನುತ್ತಾನೆ ಅವನು.
"ತಡೆದಾಯ್ತಲ್ಲ," ಎನ್ನುತ್ತಾಳೆ ಅವಳು.

ನುಗ್ಗಿದೆ ಅಂದದ್ದಕ್ಕೂ ತಡೆದೆ ಅಂದದ್ದಕ್ಕೂ ನಡುವೆ
ಒಂದು ಸಂದು ಇದೆ, ಎಂದೆ, ಸೂಜಿ ತೂರುವಷ್ಟು.
ಹಾರುವುದಿದ್ದರೆ ಅಲ್ಲಿ ಹಾರಬೇಕಿತ್ತು.
ತಡೆದ ಮೇಲೆ ರೆಕ್ಕೆ ಬಂದರೆ
ರೆಕ್ಕೆಯೂ ಇರುತ್ತದೆ, ತಡೆಯೂ ಇರುತ್ತದೆ.
ಗೋಡೆಗೆ ಮೈ ಒತ್ತಿಕೊಂಡೇ ಬಡಿಯಬೇಕು.

"ನಾನು ಕಾರ್ಡು ಮುಟ್ಟಿದ್ದೆ. ಹುಡುಗಿಗೆ ಅವಸರ."

ಇದು ಕಷ್ಟದ ಜಾಗ.
ಅವನಿಗೆ ಸಂದು ಬಿಡದೆ ಅವಳು ಜಿಗಿದಿದ್ದರೆ
ಆಟವನ್ನು ಹಿಂದಕ್ಕೆ ನಡೆಸಬೇಕು ನಾನು,
ಗೋಡೆಯನ್ನು ಮಲಗಿಸಬೇಕು.
"ನುಗ್ಗಿದ ಮೇಲೆ ಏನಂದಿರಿ?"
ಅವನು ಚಾವಣಿ ನೋಡಿದ. ಮೇಲೆ ಅಟ್ಟೆಗೆ ಮೊಳೆ ಬೀಳುತ್ತಿತ್ತು.
ಸುಳ್ಳು ಹೇಳಲು ಬೇಕಾದಷ್ಟು ಹೊತ್ತಿತ್ತು.
"ತಡೀತೀಯಾ ಅಂತ ಕೇಳಿದೆ."

ಅಷ್ಟೇ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು.
ಕೇಳಿದವನೇ ಕದ ಹಾಕಿಕೊಂಡಿದ್ದ.

ಪೆಟ್ಟು ಬೀಳುವ ಮುಂಚೆ ಇನ್ನೊಂದು ಸಂದು ಇದೆ.
ಹೇಳುವ ಹಾಗಿಲ್ಲ; ತೀರ್ಪುಗಾರ್ತಿ ಆಟ ಕಲಿಸಬಾರದು.
ಹೇಳಿದ್ದು ಯಾಗ್ನಾ, ತಂತಿಯ ಸಂದಿಯಿಂದ:
"ಇನ್ನೂ ಏಟು ಬಿದ್ದಿಲ್ಲ. ಬೇರೇನಾದ್ರೂ ಇದೆಯಾ?"
ಅವನು ಅಂಗೈ ಬಿಚ್ಚಿ ತೋರಿಸಿದ. ಖಾಲಿ.

ಬೇಕಿದ್ದರೆ ರೆಕ್ಕೆ ವಾಪಸ್ ತಗೊಳ್ಳಿ, ಎಂದಳು.
"ಬೇಡ," ಅಂದ ಲೆಶೆಕ್, ಕಾರ್ಡನ್ನು ನೆಟ್ಟಗೆ ಮಾಡುತ್ತ,
"ಸಾಯೋದಾದ್ರೆ ಹಾರ್ತಾ ಸಾಯಲಿ."

ಮೇಜಿಗೆ ಮೂರು ನಿಮಿಷ ಹೆಚ್ಚು ಬರೆದುಕೊಟ್ಟೆ.
ಅಷ್ಟು ನನ್ನ ಕೈಲಿದೆ, ಶನಿವಾರ.
ಮಿಕ್ಕ ದಿನ, ಬಾಗಿಲು ಮುಚ್ಚಿದ ಮೇಲೆ
ಓಡಿ ಬಂದು ಗಾಜು ತಟ್ಟುವವರಿಗೆ
ಅದೂ ಇಲ್ಲ.