ಎಡಗಣ್ಣಿನ ಹನಿ

ನೂಲಹುಣ್ಣಿಮೆಗೆ ನಾಲ್ಕೇ ದಿನ.
ಬೈತಖೋಲದ ದಡದಲ್ಲಿ ಪುಂಡಲೀಕ ತಾಂಡೇಲನ
ಹೊಸ ದೋಣಿಯ ಮೂತಿಗೆ ಕಣ್ಣು ಬರೆಯುತ್ತಿದ್ದೆ.
ಬಲಗಣ್ಣು ಮುಗಿದಿತ್ತು.
ಎಡಗಣ್ಣಿನ ಅಂಚಿಗೆ ಕೆಂಪು ಎಳೆಯುವಾಗ
ಯಾರೋ ಹಿಂದಿನಿಂದ ‘ಚಹಾ’ ಅಂದರು.
ತಿರುಗಿದೆ.

ಕುಂಚದಿಂದ ಜಾರಿದ ಹನಿ
ಕಣ್ಣ ಕೆಳಗೆ ಬಿದ್ದು, ಬೆರಳುದ್ದ ಇಳಿದು,
ಅಲ್ಲೇ ಕಚ್ಚಿಕೊಂಡಿತು.
ಒರೆಸಬೇಕಿತ್ತು. ಟರ್ಪಂಟೈನ್ ಖಾಲಿ.
ಇದ್ದದ್ದು ಇಷ್ಟೇ.

ಆ ವಾರ ಪುಂಡಲೀಕನ ಬಲೆಗೆ ಬಂಗಡೆ,
ದೋಣಿಯ ಅಂಚಿಗೂ ನೀರಿಗೂ
ನಾಲ್ಕು ಬೆರಳು ಅಂತರ ಉಳಿಯುವಷ್ಟು.
ಮರುದಿನ ಇನಾಸ ಬಂದ.
ಬೀಡಿ ಹಚ್ಚಿದ, ಆರಿಸಿದ,
ದೂರದ ದೀಪಸ್ತಂಭ ನೋಡುತ್ತ ಹೇಳಿದ:
‘ನಂಗೂ ಒಂದು ಹಾಕು. ಎಡಕ್ಕೇ.’

ಬೇಕೆಂದು ಬೀಳಿಸುವುದು ಎಷ್ಟು ಕಷ್ಟ!
ತಾನಾಗಿ ಬಿದ್ದದ್ದು ಹರಿಯುತ್ತದೆ,
ನಾನು ಇಟ್ಟದ್ದು ಕುಂಕುಮದ ಬೊಟ್ಟಿನಂತೆ
ಗುಂಡಗೆ ಕೂತುಬಿಡುತ್ತದೆ.
ಕೊನೆಗೆ ಹಿಡಿಕಡ್ಡಿ ತಂದು ಬಾಲ ಎಳೆದೆ.
ಮೂರನೇ ದೋಣಿಗೆ ಕೈ ಕೂತಿತು,
ಹತ್ತನೆಯದಕ್ಕೆ ದರವೂ.

ದೇವಬಾಗದವರಿಗೆ ಅದು ಕಡಲಿನ ಅಳು.
ಇನಾಸನ ತಾಯಿಗೆ ಸಾಯ್ಬಿಣಿಯ ಕಣ್ಣೀರು;
ಶಿಲುಬೆ ಗೀಚಿಕೊಂಡೇ ಅದನ್ನು ಮುಟ್ಟುತ್ತಾಳೆ.
ನೌಕಾನೆಲೆಗೆ ಊರು ಬಿಟ್ಟುಕೊಟ್ಟು ಬಂದವರು
ಬಲಗಣ್ಣಿಗೆ ಹಾಕಿಸುತ್ತಾರೆ.
ಯಾಕೆ ಎಂದರೆ,
‘ನಮ್ಮಲ್ಲಿ ಮೊದಲಿಂದಲೂ ಬಲಕ್ಕೇ.’
ಮೊದಲೆಂದರೆ ಏಳು ವರ್ಷ.

ಒಮ್ಮೆ ಒಬ್ಬ ಹುಡುಗಿ, ಕಾಲೇಜಿನವಳು,
ವಹಿ ತೆರೆದು ಕೇಳಿದಳು ಇದರ ಅರ್ಥ.
ಟರ್ಪಂಟೈನ್ ಕತೆ ಹೇಳಿದೆ.
ನಕ್ಕಳು. ಏನೂ ಬರೆದುಕೊಳ್ಳಲಿಲ್ಲ.

ಈಗ ಪೇಟೆಯ ಅಂಗಡಿಯಲ್ಲಿ ಸ್ಟಿಕರ್,
ಕಣ್ಣು, ಹನಿ, ಎರಡೂ ಒಂದೇ ಹಾಳೆಯಲ್ಲಿ.
ಫೈಬರ್ ದೋಣಿಗೆ ಅಂಟಿಸಿ ಉಜ್ಜಿದರೆ ಮುಗಿಯಿತು.
ಹನಿಯ ಬಾಲ ಮಾತ್ರ
ಸ್ವಲ್ಪ ಎಡಕ್ಕೆ ವಾಲಿದೆ,
ನನ್ನ ಮಣಿಕಟ್ಟಿನ ಹಾಗೆ.

ಪುಂಡಲೀಕ ಹೋದ ವರ್ಷ
ಅವನ ದೋಣಿ ಒಡೆದು ಒಲೆಗೆ ಹಾಕಿದರು.
ಆ ಒಂದು ಹಲಗೆ ಉಳಿಸಿ
ತುಳಸಿಕಟ್ಟೆಯ ಹಿಂದೆ ನಿಲ್ಲಿಸಿದ್ದಾಳೆ ಸೊಸೆ.
ಎಣ್ಣೆ ದೀಪ, ಎರಡು ಅಬ್ಬಲಿಗೆ.

ನಿನ್ನೆ ಹೋಗಿದ್ದೆ, ಹಳೆಯ ಬಾಕಿ ಕೇಳಲು.
ಹಲಗೆ ಕಂಡಿತು. ಚಪ್ಪಲಿ ಬಿಟ್ಟೆ.
ಕೈ ತಾವಾಗಿ ಮುಗಿದವು.
ಬಾಕಿ ಕೇಳದೆ ವಾಪಸು ಬಂದೆ.

ದಾರಿಯುದ್ದಕ್ಕೂ ಯೋಚಿಸಿದೆ.
ಅವತ್ತು ಚಹಾ ಅಂದವರು
ಯಾರೆಂದು ನೆನಪಾಗಲಿಲ್ಲ.