ಅರವತ್ತು ಡಿಗ್ರಿ

ರಾತ್ರಿ ಪಾಳಿ. ಉದ್ಯಮಬಾಗದ ತಗಡಿನ ಶೆಡ್ಡು.
ತಪಾಸಣೆಯ ಕೋಣೆಯಲ್ಲಿ ಮಾತ್ರ ಬಾರಾ ಮಾಸ ಇಪ್ಪತ್ತು ಡಿಗ್ರಿ;
ಕಬ್ಬಿಣಕ್ಕೆ ಚಳಿಯಾಗಬಾರದು, ಸೆಕೆಯಾಗಬಾರದು.
ನಮ್ಮ ಮಾತು ಬೇರೆ.

ಗ್ರಾನೈಟ್ ಕಲ್ಲಿನ ಮೇಲೆ ಎರಡು ನಕಾಶೆ ಹಾಸಿದ್ದೇನೆ.
ಒಂದು ಸಾಗರದ ಆ ದಂಡೆಯದು, ಇಂಚಿನಲ್ಲಿ.
ಒಂದು ಈ ದಂಡೆಯದು, ಮಿಲಿಮೀಟರಿನಲ್ಲಿ.
ಆ ದಂಡೆ ಈ ದಂಡೆ ಎಂದು ಬೆಳಗಾವಿಯಲ್ಲಿ ಕೂತು ಅನ್ನುತ್ತಿದ್ದೇನೆ,
ಎರಡನ್ನೂ ಕಾಣದವನು,
ಗೋಕಾಕದ ತೂಗುಸೇತುವೆಯ ಮೇಲೆಯೇ ತಲೆ ತಿರುಗಿ ಕೂತವನು.

ಹೋದ ವರ್ಷದವರೆಗೆ ಒಂದೇ ನಕಾಶೆ ಬರುತ್ತಿತ್ತು.
ಚೌಕ ಕಂಸದೊಳಗೆ ಇನ್ನೊಬ್ಬರ ಅಳತೆ,
ಮನೆಗೆ ಬಂದ ಬೀಗರಿಗೆ ಇಟ್ಟ ಚೊಂಬು ನೀರಿನಂತೆ.
ಈಗ ಕಂಸ ಖಾಲಿ. ಕೆಳಗೊಂದು ಸಾಲು:
ಇನ್ನು ಮುಂದೆ ನಮ್ಮ ಕಡೆಯ ಬೋಲ್ಟು, ನಮ್ಮ ಕಡೆಯ ನಟ್ಟು ಮಾತ್ರ.
ಏತಕ್ಕೆ ಈ ಬ್ರಾಕೆಟ್ಟು, ವಿಮಾನದ ಹೊಟ್ಟೆಗೋ ತೋಪಿನ ಕತ್ತಿಗೋ,
ಹೇಳುವುದಿಲ್ಲ. ನಂಬರು ಹೇಳುತ್ತಾರೆ.

ಊಟದ ಹೊತ್ತಿಗೆ ಲುಮಣ್ಣ ರೊಟ್ಟಿಗಂಟು ಬಿಚ್ಚಿ ಕೇಳಿದ:
‘ಏನಂತೋ ಬೀಗರದು?’
‘ಎಪ್ಪತ್ತೈದು ವರ್ಷ ಆತು ಮದವಿ ಆಗಿ. ಈಗ ಖರ್ಚಿನ ಲೆಕ್ಕ ತಗದಾರ.
ಹಂದರದ ರೊಕ್ಕ ನಾ ಕೊಟ್ಟೆ, ರಾತ್ರಿಯೆಲ್ಲಾ ಬಾಗಿಲಾ ನಾ ಕಾಯ್ದೆ ಅಂತ ಒಬ್ಬಾಂವ.
ಕಾಯ್ದಿ ಖರೆ, ನನ್ನ ಅಂಗಳದಾಗ ನಿಂತು ನಿನ್ನ ಮನಿ ಕಾಯ್ದಿ ಅಂತ ಇನ್ನೊಬ್ಬಾಂವ.’
‘ಹಂಗಾರ ಸೋಡಚೀಟಿ?’
‘ಇಲ್ಲ. ಒಂದ ಮನಿ, ಎರಡು ಒಲಿ.’

ಬೀಗರು. ಬೀಗ. ಬೀಗುವುದು.
ನಮ್ಮ ಭಾಷೆ ಮೊದಲೇ ಮೂರನ್ನೂ ಒಂದೇ ಗೊಂಚಲಿಗೆ ಪೋಣಿಸಿಟ್ಟಿದೆ.

ಲುಮಣ್ಣನ ಮುತ್ಯಾ ಇಟಲಿಯಲ್ಲಿದ್ದಾನೆ, ಸಾಂಗ್ರೊ ಹೊಳೆಯ ಹತ್ತಿರ.
ಇದ್ದಾನೆ ಎಂದರೆ ಕಲ್ಲಿನ ಮೇಲೆ ಹೆಸರು; ದೇಹ ಅಲ್ಲೇ ಸುಟ್ಟರು.
ಉಚಗಾಂವದಿಂದ ಕ್ಯಾಂಪಿನ ಪಲ್ಟನ್ನಿಗೆ, ಪಲ್ಟನ್ನಿನಿಂದ ಹಡಗಿಗೆ.
ಮನೆಗೆ ಬಂದದ್ದು ಒಂದು ತಾರು, ಆಮೇಲೊಂದು ಪದಕ.
ಯುದ್ಧ ತೀರಿದ ಮೇಲೆ ಎರಡು ದಂಡೆಯವರೂ ಕೂಡಿ ಮನೆ ಕಟ್ಟಿದರು,
ಒಬ್ಬರ ಮೇಲೆ ಕೈ ಎತ್ತಿದರೆ ಎಲ್ಲರ ಮೇಲೆ ಎತ್ತಿದಂತೆ
ಎಂದು ಹೊಸ್ತಿಲಿಗೆ ಬರೆದರು.
ವಾಸ್ತುಶಾಂತಿಗೆ ಉಚಗಾಂವಕ್ಕೆ ಕರೆ ಬರಲಿಲ್ಲ.
ಲುಮಣ್ಣನಿಗೆ ಸಿಟ್ಟಿಲ್ಲ. ‘ಪಾಯಾದ ಕಲ್ಲು ಕಾಣಂಗಿಲ್ಲ ಬಿಡು,
ಮನಿ ಅಳ್ಳಾಡಿದ್ರ ಮೊದಲ ಗೊತ್ತಾಗೂದು ಅದಕ್ಕ.’

ಒಂದು ಮಾತು ಮುಚ್ಚಿಡಬಾರದು:
ಅವರ ಮುನಿಸಿನಿಂದ ನಮಗೆ ಎರಡೆರಡು ಆರ್ಡರು.
ಮಾಲೀಕ ಪದ್ಮಣ್ಣವರ ಇನ್ನೊಂದು ಮಶೀನು ತರಿಸಿದರು.
ನನ್ನ ಓವರ್‌ಟೈಮಿನಲ್ಲಿ ಮಗಳ ಹಲ್ಲಿಗೆ ತಂತಿ ಬಂತು.
ಅವಳು ನಕ್ಕಾಗ ಹೊಳೆಯುವುದು
ಎಲ್ಲಿಯೋ ಯಾರದೋ ಭಯದ ಒಂದು ಚೂರು.
ಬಾಯಿ ಮುಚ್ಚಿ ನಗು ಅನ್ನಲಾರೆ.

ಪಾಳಿ ಮುಗಿಯುವ ಹೊತ್ತಿಗೆ, ಕೈ ಸುಮ್ಮನಿರದೆ,
ಈ ದಂಡೆಯ ಬೋಲ್ಟಿಗೆ ಆ ದಂಡೆಯ ನಟ್ಟು ಹಚ್ಚಿದೆ.
ಥ್ರೆಡ್ಡಿಗೆ ನಾವು ಆಟೆ ಅನ್ನುತ್ತೇವೆ.
ಎರಡರ ಆಟೆಗೂ ಕೋನ ಅರವತ್ತೇ ಡಿಗ್ರಿ, ಒಂದೇ ಗರಡಿಯವರು.
ಹೆಜ್ಜೆ ಮಾತ್ರ ಬೇರೆ, ಎರಡು ಕೂದಲಿನಷ್ಟು.
ಮೊದಲ ಸುತ್ತು ಸಲೀಸು.
ಎರಡನೆಯದಕ್ಕೆ ಅನುಮಾನ.
ಅಲ್ಲಿಗೆ ಕಚ್ಚಿತು.
ಇನ್ನು ಪಾನಾ ಹಾಕಿ ಜಗ್ಗಿದರೆ ಆಟೆ ಕಿತ್ತು ಇಬ್ಬರೂ ಭಂಗಾರಕ್ಕೆ.
ಬಿಟ್ಟರೆ ಹೀಗೇ,
ಬಿಗಿಯೂ ಅಲ್ಲ, ಬಿಡುಗಡೆಯೂ ಅಲ್ಲ.

ಗೇಜಿಗೆ ಎರಡೇ ಬಾಯಿ: ಹೋಗು, ಹೋಗಬೇಡ.
ಇದನ್ನು ಅಳೆಯುವ ಗೇಜು ನನ್ನ ಪೆಟ್ಟಿಗೆಯಲ್ಲಿಲ್ಲ.

ಲುಮಣ್ಣ ಇಸಗೊಂಡ. ಬೆಳಕಿಗೆ ಹಿಡಿದ.
ಒಂದು ಹನಿ ಎಣ್ಣೆ ಬಿಟ್ಟು ಕಾಯ್ದ.
ಆಮೇಲೆ ಬಲಕ್ಕಲ್ಲ, ಎಡಕ್ಕೆ, ಬರೀ ಬೆರಳಿನಿಂದ, ಕಾಲು ಸುತ್ತು.
ಕ್ಯಾಂಪಿನ ಕಡೆಯಿಂದ ಬೆಳಗಿನ ಬಿಗುಲು ಬಂತು.
ಅವನು ತಲೆ ಎತ್ತಲಿಲ್ಲ.
‘ಬಂತೇನ?’ ಅಂದೆ.
‘ಸುಮ್ನಿರು,’ ಅಂದ.