ಮುನ್ನೋಟಕ್ಕೆ ಎಂಟುನೂರು ಪದ

ಡಿಸೆಂಬರ್ ಇಪ್ಪತ್ತಕ್ಕೆ ಡೆನ್ಜಿಲನ ಫೋನು, ತಪ್ಪುವುದಿಲ್ಲ:
"ಟೀಚರ್, ಬರುವ ವರ್ಷ ಹೇಗುಂಟು ನಮ್ಮ ಜಿಲ್ಲೆ?
ಎಂಟುನೂರು ಪದ. ಅರ್ಧ ರಾಜಕೀಯ, ಅರ್ಧ ದುಡ್ಡು."
ಕೇಳುವ ಚಂದ ನೋಡಿ,
ಸಾರಿಗೆ ಉಪ್ಪು ಹೇಗುಂಟು ಎಂದ ಹಾಗೆ.

ಹನ್ನೊಂದು ವರ್ಷದ್ದು ಕತ್ತರಿಸಿ ಇಟ್ಟಿದ್ದೇನೆ ಕಪಾಟಿನಲ್ಲಿ,
ಅಂಚು ಜಿರಳೆಯ ಪಾಲು.
ಈ ಸಲ ಕೆಂಪು ಪೆನ್ನು ಹಿಡಿದು ಕೂತೆ,
ಮಕ್ಕಳ ಪೇಪರು ತಿದ್ದಿದ ಕೈ, ಸುಮ್ಮನಿರುತ್ತದಾ?

ಗಲ್ಫಿನ ಹಣ ಇಳಿಯುತ್ತದೆ ಎಂದ ವರ್ಷ
ಕಂಕನಾಡಿಯಲ್ಲಿ ಮೂರು ಚಿನ್ನದಂಗಡಿ ತೆರೆದವು. ಸೊನ್ನೆ.
ಬೂತಾಯಿ ಹೇರಳ ಎಂದ ವರ್ಷ
ಬೋಟುಗಳು ಡೀಸೆಲ್ ಸುಟ್ಟು ಬರಿಬಲೆ ತಂದವು. ಸೊನ್ನೆ.
ಪಂಚಾಯತಿನಲ್ಲಿ ಹೆಂಗಸರ ದನಿ ಏರುತ್ತದೆ ಎಂದಿದ್ದೆ,
ಅರ್ಧ ಅಂಕ:
ಹೆಂಗಸು ಗೆದ್ದಳು, ದನಿ ಅವಳ ಗಂಡನದ್ದು.
"ನಮ್ಮೂರ ಬ್ಯಾಂಕೇ ನಮ್ಮ ಬೆನ್ನೆಲುಬು" ಎಂದು ಬರೆದ ಮರುವರ್ಷ
ಬ್ಯಾಂಕಿನ ಹೆಸರೇ ಇರಲಿಲ್ಲ ಬೋರ್ಡಿನಲ್ಲಿ.
ನೂರಕ್ಕೆ ಮೂವತ್ತೊಂದು.
ನನ್ನ ಕ್ಲಾಸಿನಲ್ಲಾದರೆ ಫೇಲು.

ಮರುದಿನ ಬೆಳಕು ಹರಿಯುವ ಮೊದಲೇ ದಕ್ಕೆಗೆ ಹೋದೆ.
ಐಸ್ ಪ್ಲಾಂಟಿನ ಲೆಕ್ಕದ ಸಂಜೀವ ತಿಂಗಳಾಯರು
ಮಫ್ಲರಿನೊಳಗಿಂದ ಹೇಳಿದರು:
"ನಾಳೆಗೆ ನೂರ ನಲವತ್ತು ಬ್ಲಾಕು. ಅದನ್ನು ಹೇಳಿಯೇನು.
ನಾಡಿದ್ದಿನದ್ದು ಗೊತ್ತುಂಟು ಎನ್ನುವವನಿಗೆ
ನಾನು ಕಡ ಕೊಡುವುದಿಲ್ಲ."

ಅಪ್ಪಿಯಕ್ಕ ಬಂಗುಡೆಯ ಬುಟ್ಟಿಗೆ ನೀರು ಚಿಮುಕಿಸುತ್ತಾ:
"ನಾನು ಈ ಸಲ ಚೀಟಿ ಮೊದಲೇ ಎತ್ತುತ್ತೇನೆ ಟೀಚರೆ."
ಯಾಕೆ?
"ಎಲ್ಲರೂ ಮೊದಲೇ ಎತ್ತಲು ನೋಡುತ್ತಾರೆ, ಅದಕ್ಕೆ.
ಹೋದ ವರ್ಷ ಲಕ್ಷದ ಚೀಟಿಗೆ ಹನ್ನೆರಡು ಸಾವಿರ ಬಿಡುತ್ತಿದ್ದರು.
ಈಗ ಮೂವತ್ತು ಬಿಟ್ಟರೂ ಕೈ ಎತ್ತುವವರು ನಾಲ್ಕು ಜನ."
ಮೂವತ್ತೆರಡು ವರ್ಷ ಬಡ್ಡಿಯ ಪಾಠ ಮಾಡಿದವಳು
ಮೀನಿನ ನೀರಿನಲ್ಲಿ ಚಪ್ಪಲಿ ನೆನೆಸಿಕೊಂಡು ನಿಂತೆ.
ಯಾವ ದೊಡ್ಡ ಬ್ಯಾಂಕಿನ ಗವರ್ನರೂ
ಈ ದರ ಓದಿ ಹೇಳಿದ್ದು ಕೇಳಿಲ್ಲ.

ಬಂದರಿನ ಓಣಿಯಲ್ಲಿ ಉಂಞಿಮೋನು ಧ್ವಜ ಹೊಲಿಯುತ್ತಾರೆ,
ಎಲ್ಲಾ ಪಕ್ಷದ್ದೂ.
ದಾರಗಳೆಲ್ಲ ಒಂದೇ ಬಿಸ್ಕತ್ತಿನ ಡಬ್ಬಿಯಲ್ಲಿ
ಸಿಕ್ಕು ಹಾಕಿಕೊಂಡು ಮಲಗಿವೆ.
ಯಾರು ಗೆಲ್ಲುತ್ತಾರೆ, ಬ್ಯಾರಿಗಳೇ?
"ಮುಂಗಡ ಕೊಟ್ಟವರು ಸೋಲುತ್ತಾರೆ.
ಗೆಲ್ಲುವವರದ್ದು ಯಾವತ್ತೂ ಬಾಕಿ."
ನಕ್ಕರು, ನಾನೂ ನಕ್ಕೆ.
ಆಮೇಲೆ ಸೂಜಿಗೆ ದಾರ ಪೋಣಿಸುತ್ತಾ, ನನ್ನನ್ನು ನೋಡದೆ:
"ಶಟರಿಗೆ ಎಣ್ಣೆ ಬಿಟ್ಟಿದ್ದೇನೆ.
ಮೊದಲು ಎಳೆಯಲು ಇಬ್ಬರು ಬೇಕಿತ್ತು.
ಈಗ ಒಂದೇ ಕೈ ಸಾಕು, ಸದ್ದೂ ಇಲ್ಲ."

ಬರೆದೆ. ಬಂದರು, ರಸ್ತೆ, ಪ್ರವಾಸೋದ್ಯಮ,
ಗೋಡಂಬಿಯ ಆಮದು, ಟಿಕೆಟಿನ ಆಕಾಂಕ್ಷಿಗಳು.
ಚೀಟಿಯದ್ದು ಒಂದು ಪ್ಯಾರಾ ಸೇರಿಸಿದೆ.
ಎಣ್ಣೆಯನ್ನು ರಾಜಕೀಯದಲ್ಲಿ ಹಾಕುವುದೋ ದುಡ್ಡಿನಲ್ಲೋ
ತಿಳಿಯದೆ ಎರಡು ಸಲ ಬರೆದು ಎರಡು ಸಲ ಹೊಡೆದೆ.

ಡೆನ್ಜಿಲ್ ಓದಿ ಹೇಳಿದ: "ಕೊನೆಗೊಂದು ಒಳ್ಳೆ ಸಾಲು ಬೇಕಿತ್ತು ಟೀಚರ್,
ಹೊಸ ವರ್ಷ ಅಲ್ಲವಾ, ಜಾಹೀರಾತಿನವರೂ ಓದುತ್ತಾರೆ."
ನಾಳೆಗೆ ನೂರ ನಲವತ್ತು ಬ್ಲಾಕು ಐಸು, ಬರೆದುಕೋ ಎಂದೆ.
ಅವನಿಗೆ ಅದು ತಮಾಷೆ.

ರಾತ್ರಿ ನಮ್ಮ ಓಣಿಯ ಅಂಗಡಿಗಳು ಮುಚ್ಚುವ ಹೊತ್ತು
ಗೇಟಿನ ಬಳಿ ನಿಂತು ಕಿವಿಗೊಟ್ಟೆ,
ಹಾಲಿನ ಬೂತಿನದ್ದು, ಬೇಕರಿಯದ್ದು, ದರ್ಜಿಯದ್ದು, ಮೊಬೈಲಿನವನದ್ದು,
ಬೆರಳು ಮಡಚುತ್ತಾ.
ಒಂಬತ್ತು ಕಿರ್ರೆಂದವು.
ನಾಲ್ಕು ಸದ್ದಿಲ್ಲದೆ ಇಳಿದವು.

ಹೋದ ವರ್ಷದ್ದು
ನಾನು ಎಣಿಸಿಟ್ಟಿರಲಿಲ್ಲ.